ಕುದುರೆಮುಖ ಚಾರಣ: ಒಂದೇ ಹಗಲಿನಲ್ಲಿ ಹತ್ತಿ ಇಳಿಯುವ ಲೆಕ್ಕಾಚಾರ

ಕುದುರೆಮುಖದ ತುದಿಯಲ್ಲಿ ರಾತ್ರಿ ತಂಗಲು ಅರಣ್ಯ ಇಲಾಖೆ ಬಿಡುವುದಿಲ್ಲ. ಮಾಡಿಕೊಳ್ಳಬೇಕಾದ ಸಿದ್ಧತೆಯೆಲ್ಲ ಈ ಒಂದು ನಿಯಮದಿಂದಲೇ ಶುರುವಾಗುತ್ತದೆ. ನಡಿಗೆ ಶುರುವಾಗುವ ಮುಳ್ಳೋಡಿಯಿಂದ ಶಿಖರಕ್ಕೆ ಹೋಗಿ ಬರಲು ಹತ್ತಿರ ಹತ್ತಿರ ಇಪ್ಪತ್ತು ಕಿಲೋಮೀಟರ್ ನಡೆಯಬೇಕು, ಒಂಬೈನೂರು ಮೀಟರಿನಷ್ಟು ಏರಬೇಕು. ನಡುವೆ ಅಂಗಡಿಯಿಲ್ಲ, ತಂಗುವ ಸೂರಿಲ್ಲ, ವಾಹನ ಬರುವ ದಾರಿಯಿಲ್ಲ. ಬೆಳಕಿರುವಾಗ ಹೊರಟು ಬೆಳಕಿರುವಾಗಲೇ ಕೆಳಗಿಳಿಯಬೇಕು. ಹಾಗಾಗಿ ಇಲ್ಲಿ ದಿನದ ಲೆಕ್ಕವನ್ನು ಹೊರಡುವ ಹೊತ್ತಿನಿಂದ ಹಾಕಬೇಡಿ, ಹಿಂತಿರುಗಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಇದನ್ನು ಮರೆತವರೇ ಸಂಜೆ ಗುಡ್ಡದ ಮಡಿಕೆಗಳ ದಟ್ಟ ಶೋಲಾ ಕಾಡಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದು ತಡವರಿಸುತ್ತಾರೆ.

ಸುಮಾರು 1,890 ಮೀಟರ್ ಎತ್ತರದ ಈ ಶಿಖರ ಇರುವುದು 1987ರಲ್ಲಿ ಘೋಷಣೆಯಾದ, ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನದೊಳಗೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳಿಗೆ ಇದು ಹಬ್ಬಿದೆ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅದರಲ್ಲಿತ್ತು.

ಮೊದಲು ತಿಂಗಳನ್ನು ನಿರ್ಧರಿಸಿ

ಬೇಸಿಗೆಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಹುಲ್ಲು ಒಣಗಿ ಬೆಂಕಿಯ ಭಯ ಹೆಚ್ಚುವ ಕಾಲದಲ್ಲಿ, ಸಾಮಾನ್ಯವಾಗಿ ಫೆಬ್ರವರಿಯಿಂದ ಮಳೆ ಹಿಡಿಯುವ ತನಕ, ಇಲಾಖೆ ಚಾರಣವನ್ನು ನಿಲ್ಲಿಸುತ್ತದೆ. ನಿಲ್ಲಿಸುವುದೇ ಸರಿ. ಒಂದು ಬೀಡಿಯ ಕಿಡಿ ಸಾಕು, ಗಾಳಿಗೆ ಸಿಕ್ಕ ಹುಲ್ಲುಗುಡ್ಡ ಸಂಜೆಯೊಳಗೆ ಕಪ್ಪಾಗುತ್ತದೆ.

ಉಳಿಯುವುದು ಮಳೆಗಾಲ ಮತ್ತು ಮಳೆ ಮುಗಿದ ಮೇಲಿನ ನಾಲ್ಕು ತಿಂಗಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆ ಬಯಲುಸೀಮೆಯವರ ಅಂದಾಜಿಗೆ ಸಿಗುವಂಥದ್ದಲ್ಲ. ಘಟ್ಟದ ಈ ಭಾಗದಲ್ಲಿ ಕೆಲವು ಕಡೆ ವರ್ಷಕ್ಕೆ 6,000 ಮಿಲಿಮೀಟರ್ ದಾಟುತ್ತದೆ. ಹಸಿರು ಕಣ್ಣು ತುಂಬುತ್ತದೆ, ಆದರೆ ಹಳ್ಳಗಳು ಉಕ್ಕುತ್ತವೆ, ಕೆಮ್ಮಣ್ಣಿನ ಇಳಿಜಾರು ಜಾರುತ್ತದೆ, ತುದಿಗೆ ಹೋದರೂ ಮಂಜು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಮೊದಲ ಸಲ ಹೋಗುವವರಿಗೆ ಜುಲೈ ತಿಂಗಳನ್ನು ನಾನು ಹೇಳುವುದಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಹೋದರೆ ಹುಲ್ಲಿನ ನಡುವೆ ಗುಲಾಬಿ ಬಣ್ಣದ ಕರ್ಣಕುಂಡಲ, ನೆಲದಲ್ಲೇ ಹೂಬಿಡುವ ಸೀತಾಳೆ, ಒದ್ದೆ ಬಂಡೆಯಂಚಿನಲ್ಲಿ ಕೀಟ ಹಿಡಿಯುವ ಡ್ರೊಸೆರಾ ಗಿಡಗಳು ಕಾಣುತ್ತವೆ. ಗಿಡಮರಗಳ ಮೇಲೆ ಪ್ರೀತಿ ಇದ್ದವರಿಗೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ಅಕ್ಟೋಬರ್‌ನಲ್ಲಿ ಒಂದು ಎಚ್ಚರ ಬೇಕು. ಬೆಳಿಗ್ಗೆ ಆಕಾಶ ತಿಳಿಯಾಗಿರುತ್ತದೆ, ಮಧ್ಯಾಹ್ನ ಮೇಲೆ ಸಿಡಿಲು ಗುಡುಗಿನ ಮಳೆ ಬರುತ್ತದೆ. ಬೋಳುಗುಡ್ಡದ ನೆತ್ತಿಯಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ ಎಂಬುದನ್ನು ನೆನಪಿಡಿ. ಗುಡುಗು ಕೇಳಿದ ಕೂಡಲೇ ನೆತ್ತಿ ಬಿಟ್ಟು ಇಳಿಯಬೇಕು. ಒಂಟಿ ಮರದಡಿ ನಿಲ್ಲಬಾರದು. ನವೆಂಬರ್‌ನಿಂದ ಜನವರಿವರೆಗಿನ ಕಾಲ ಎಲ್ಲರಿಗೂ ಹೊಂದುತ್ತದೆ. ದಾರಿ ಒಣಗಿರುತ್ತದೆ, ನೋಟ ದೂರದವರೆಗೆ ಹೋಗುತ್ತದೆ, ಚಳಿ ಹಿತವಾಗಿರುತ್ತದೆ.

ಸಾಧ್ಯವಾದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದಲ್ಲಿ ಜನ ಸಂತೆಯಂತೆ ಸೇರಿದ ಚಿತ್ರಗಳನ್ನು ನೀವೂ ನೋಡಿರಬಹುದು. ಅದಾದ ಮೇಲೆ ರಾಜ್ಯದಾದ್ಯಂತ ಚಾರಣದ ನಿಯಮಗಳು ಬಿಗಿಯಾದವು. ಮಂಗಳವಾರವೋ ಬುಧವಾರವೋ ಹೋದವರಿಗೆ ಅದೇ ಬೆಟ್ಟ ಬೇರೆಯಾಗಿಯೇ ಸಿಗುತ್ತದೆ. ಹಕ್ಕಿಯ ದನಿ ಕೇಳುತ್ತದೆ, ಕಾಟಿಯೋ (ಕಾಡುಕೋಣ) ಕಡವೆಯೋ ಕಾಣಿಸಿಕೊಳ್ಳುವ ಸಾಧ್ಯತೆಯೂ ಇರುತ್ತದೆ.

ಅನುಮತಿ

ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿ ಇಲ್ಲದೆ ಕಾಲಿಡುವುದು ಅಪರಾಧ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಟಿಕೆಟ್ ಮಾಡಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಜಾಗ ಬೇಗ ತುಂಬುತ್ತದೆ. ಶುಲ್ಕವೂ ಸಮಯದ ನಿಯಮವೂ ಆಗಾಗ ಬದಲಾಗುತ್ತವೆ. ಯಾರೋ ಹಿಂದಿನ ವರ್ಷ ಹೇಳಿದ್ದನ್ನು ನಂಬದೆ ಟಿಕೆಟ್ ಮಾಡಿಸುವ ದಿನ ಅಲ್ಲೇ ಓದಿಕೊಳ್ಳಿ. ಟಿಕೆಟ್ಟಿಗೆ ಕೊಟ್ಟ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಒಯ್ಯಿರಿ, ಟಿಕೆಟ್ಟನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಎಂದುಕೊಂಡೇ ಹೊರಡುವುದು ಕ್ಷೇಮ.

ಮಾರ್ಗದರ್ಶಿ ಕಡ್ಡಾಯ. ಹೆಚ್ಚಿನವರು ಸುತ್ತಲಿನ ಊರುಗಳ ಯುವಕರೇ. ಮಂಜು ಇಳಿದಾಗ ದಾರಿ ಯಾವುದು, ದನ ನಡೆದ ಜಾಡು ಯಾವುದು ಎಂದು ಗೊತ್ತಾಗುವುದು ಅವರಿಗೆ ಮಾತ್ರ. ಅವರನ್ನು ಬಿಟ್ಟು ಮುಂದೆ ಓಡಬೇಡಿ. “ಇನ್ನು ಮೇಲೆ ಬೇಡ ಸಾರ್, ವಾಪಸ್ ಹೋಗುವ” ಎಂದು ಅವರು ಹೇಳಿದರೆ ಅಲ್ಲಿಗೆ ಮಾತು ಮುಗಿಯಿತು, ಚೌಕಾಶಿ ಮಾಡಬಾರದು.

ನಿಮ್ಮ ಕಾಲು ಒಪ್ಪುತ್ತದೆಯೇ?

ಕುದುರೆಮುಖದಲ್ಲಿ ಹಗ್ಗ ಹಿಡಿದು ಹತ್ತುವ ಬಂಡೆಗಳಿಲ್ಲ. ಕಷ್ಟವಾಗುವುದು ಉದ್ದ. ಎಂಟೊಂಬತ್ತು ಗಂಟೆ ನಡೆಯುತ್ತಲೇ ಇರಬೇಕು, ಮೊಣಕಾಲು ನೋಯುವುದು ಹತ್ತುವಾಗಲ್ಲ, ಇಳಿಯುವಾಗ. ಆರು ವಾರ ಮೊದಲೇ ವಾರಕ್ಕೆ ಮೂರು ದಿನ ಮೆಟ್ಟಿಲು ಹತ್ತಿ ಇಳಿಯುವುದನ್ನು ರೂಢಿಸಿ. ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿದೆ, ಬೆಂಗಳೂರಿನವರಿಗೆ ಸಾವನದುರ್ಗ, ಶಿವಗಂಗೆ ಹತ್ತಿರದಲ್ಲೇ ಇವೆ. ಆರು ಕಿಲೋ ಚೀಲ ಹೊತ್ತು ಮೂರು ಗಂಟೆ ನಿಲ್ಲದೆ ನಡೆಯಲು ಸಾಧ್ಯವಾದರೆ ಮುಳ್ಳೋಡಿಗೆ ಬನ್ನಿ.

ಆಗದಿದ್ದರೆ ಬೇಸರಪಡುವುದು ಬೇಡ, ಇದೇ ಉದ್ಯಾನದಲ್ಲಿ ಬೇರೆ ಹಾದಿಗಳಿವೆ. ಭಗವತಿ ಪ್ರಕೃತಿ ಶಿಬಿರದ ಕಡೆಯ ಕುರಿಂಜಲ್, ಸಂಸೆಯ ಕಡೆಯಿಂದ ನೇತ್ರಾವತಿ ಶಿಖರ, ಗಂಗಡಿಕಲ್ಲು ಇವೆಲ್ಲ ಕುದುರೆಮುಖಕ್ಕಿಂತ ಚಿಕ್ಕ ದಾರಿಗಳು. ಹತ್ತು ಹನ್ನೆರಡು ವರ್ಷದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನ ಸಲಹೆ ಕುರಿಂಜಲ್. ಹೃದಯದ ತೊಂದರೆ, ಉಬ್ಬಸ ಇದ್ದವರು ವೈದ್ಯರನ್ನು ಕೇಳದೆ ಹೊರಡಬೇಡಿ. ಹತ್ತಿರದ ಆಸ್ಪತ್ರೆ ಕಳಸದಲ್ಲಿದೆ, ದೊಡ್ಡ ಚಿಕಿತ್ಸೆಗೆ ಘಟ್ಟ ಇಳಿದು ಮಣಿಪಾಲಕ್ಕೋ ಮಂಗಳೂರಿಗೋ ಹೋಗಬೇಕು.

ಮುಳ್ಳೋಡಿ ಸೇರುವ ಬಗೆ

ಬೆಂಗಳೂರಿನಿಂದ ಕಳಸ, ಹೊರನಾಡಿಗೆ ರಾತ್ರಿ ಬಸ್ಸುಗಳಿವೆ. ರಾತ್ರಿ ಪ್ರಯಾಣ ಮಾಡಿ ಅದೇ ಬೆಳಿಗ್ಗೆ ಹತ್ತುವ ಯೋಜನೆ ಬಹಳ ಜನರದ್ದು. ನಿದ್ದೆಗೆಟ್ಟ ಕಾಲುಗಳನ್ನು ನಂಬಿ ಇಂಥ ದಾರಿಗಿಳಿಯಬಾರದು. ಹಿಂದಿನ ದಿನವೇ ಬಂದು, ಕಳಸದಲ್ಲಿ ಭದ್ರಾ ಹೊಳೆಯನ್ನೂ ಕಳಸೇಶ್ವರನ ಗುಡಿಯನ್ನೂ ನೋಡಿ, ಸಂಜೆ ಹೋಂಸ್ಟೇ ಸೇರಿ ಎಂಟಕ್ಕೆಲ್ಲ ಮಲಗಿಬಿಡಿ.

ಕಳಸದಿಂದ ಕುದುರೆಮುಖದ ಕಡೆ ಹೋಗುವ ರಸ್ತೆಯಲ್ಲಿ ಸಂಸೆ ಸಿಗುತ್ತದೆ. ಅದನ್ನು ದಾಟಿದ ಮೇಲೆ ಮುಳ್ಳೋಡಿಗೆ ಕವಲು ದಾರಿ. ಕೊನೆಯ ಕೆಲವು ಕಿಲೋಮೀಟರ್ ಕಲ್ಲುಗುಂಡಿಗಳ ಏರುಹಾದಿ, ಕಾರು ಒಯ್ಯಬೇಡಿ, ತಳ ಒಡೆಯುತ್ತದೆ. ಸ್ಥಳೀಯ ಜೀಪುಗಳಿವೆ, ಹೋಂಸ್ಟೇಯವರಿಗೆ ಮೊದಲೇ ಹೇಳಿದರೆ ಅವರೇ ಗೊತ್ತುಮಾಡುತ್ತಾರೆ. ಜೀಪಿನ ಬಾಡಿಗೆ, ಬೆಳಿಗ್ಗೆ ಹೊರಡುವ ಹೊತ್ತು, ಸಂಜೆ ಕರೆದುಕೊಂಡು ಹೋಗುವ ಹೊತ್ತು ಮೂರನ್ನೂ ಹಿಂದಿನ ರಾತ್ರಿಯೇ ಮಾತಾಡಿ ಮುಗಿಸಿ.

ಮಂಗಳೂರು, ಉಡುಪಿ ಕಡೆಯವರು ಕಾರ್ಕಳ, ಬಜಗೋಳಿ ಮೂಲಕ ಘಟ್ಟ ಹತ್ತುತ್ತಾರೆ. ಈ ರಸ್ತೆ ಉದ್ಯಾನದ ನಡುವೆಯೇ ಹಾದುಹೋಗುತ್ತದೆ. ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವಂತಿಲ್ಲ, ತಿಂಡಿ ಪೊಟ್ಟಣ ಎಸೆಯುವಂತಿಲ್ಲ, ಮಂಗಗಳಿಗೆ ಬಾಳೆಹಣ್ಣು ಕೊಡುವಂತಿಲ್ಲ. ರಸ್ತೆಬದಿಯ ತಿಂಡಿಗೆ ಒಗ್ಗಿಕೊಂಡ ಮಂಗ ಕೊನೆಗೆ ಚಕ್ರದಡಿ ಸಾಯುತ್ತದೆ.

ಇದೇ ದಾರಿಯಲ್ಲಿ ಮಲ್ಲೇಶ್ವರ ಎಂಬ ಗಣಿ ಊರು ಬರುತ್ತದೆ. 1976ರಲ್ಲಿ ಹುಟ್ಟಿದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಇಲ್ಲಿನ ಗುಡ್ಡಗಳನ್ನು ಅಗೆದು, ಅದಿರನ್ನು ನೀರಿನೊಂದಿಗೆ ಕಲಸಿ, ಸುಮಾರು 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿಗೆ ಹರಿಸುತ್ತಿತ್ತು. ಉಳಿದ ಹೂಳನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಮಳೆಗಾಲದಲ್ಲಿ ಭದ್ರೆಗೆ ಸೇರುತ್ತಿದ್ದ ಕೆಸರು, ಅದರ ವಿರುದ್ಧ ವನ್ಯಜೀವಿ ಕಾರ್ಯಕರ್ತರು ಮತ್ತು ಮಲೆನಾಡಿನ ಜನ ನಡೆಸಿದ ಹೋರಾಟ, 2002ರ ಅಕ್ಟೋಬರ್‌ನಲ್ಲಿ ಬಂದ ಸುಪ್ರೀಂ ಕೋರ್ಟ್ ಆದೇಶ, 2005ರ ಕೊನೆಗೆ ನಿಂತ ಗಣಿ, ಇವೆಲ್ಲವನ್ನೂ ಬಲ್ಲವರಿಗೆ ಕಿಟಕಿಯಾಚೆ ಕಾಣುವ ಗುಡ್ಡಗಳ ಬೆಲೆ ತಿಳಿಯುತ್ತದೆ. ನಾವಿಂದು ಟಿಕೆಟ್ ಹಿಡಿದು ನಡೆಯಲು ಒಂದು ಕಾಡು ಉಳಿದಿರುವುದೇ ಆ ಹೋರಾಟದಿಂದ.

ಚೀಲ

ಎರಡು ಲೀಟರ್ ನೀರು ಹಿಡಿಯುವ, ಮತ್ತೆ ತುಂಬಿಸಿಕೊಳ್ಳಬಹುದಾದ ಬಾಟಲಿಗಳು ಬೇಕು. ದಾರಿಯಲ್ಲಿ ತೊರೆಗಳಿವೆ, ಆದರೆ ಜನವರಿಯ ಹೊತ್ತಿಗೆ ಮೇಲಿನವು ಸಣಕಲಾಗುತ್ತವೆ. ತೊರೆಯ ನೀರು ಕುಡಿಯುವವರು ಶುದ್ಧೀಕರಿಸುವ ಮಾತ್ರೆ ಹಾಕಿಕೊಳ್ಳಿ, ದನಕರು, ಕಾಡುಪ್ರಾಣಿಗಳೂ ಅದೇ ನೀರಲ್ಲಿ ಕಾಲಿಡುತ್ತವೆ. ಒಂದೇ ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ ಒಯ್ಯುವಂತಿಲ್ಲ. ಊಟಕ್ಕೆ ಹೋಂಸ್ಟೇಯ ಅಕ್ಕಂದಿರು ಪುಳಿಯೋಗರೆಯನ್ನೋ ಚಿತ್ರಾನ್ನವನ್ನೋ ಕಟ್ಟಿಕೊಡುತ್ತಾರೆ, ಸ್ಟೀಲಿನ ಡಬ್ಬಿ ನೀವೇ ಒಯ್ದುಕೊಡಿ. ಜೊತೆಗೆ ಕಡಲೆಬೀಜ, ಬೆಲ್ಲ, ಕಿತ್ತಳೆ, ಉಪ್ಪು ಸಕ್ಕರೆ ಬೆರೆತ ಓಆರ್‌ಎಸ್ ಪುಡಿ. ಬೆಳಿಗ್ಗೆ ಹೊಟ್ಟೆ ತುಂಬ ಕಡುಬು ತಿಂದು ಹೊರಟವರು ಮೊದಲ ಏರಿನಲ್ಲೇ ಏದುಸಿರು ಬಿಡುತ್ತಾರೆ. ಅರ್ಧ ಹೊಟ್ಟೆ ತಿಂದು, ಗಂಟೆಗೊಮ್ಮೆ ಒಂದಿಷ್ಟು ಬಾಯಿಗೆ ಹಾಕಿಕೊಳ್ಳುವುದು ಒಳ್ಳೆಯದು.

ಹಿಡಿತವಿರುವ, ಮೊದಲೇ ಹಾಕಿ ಪಳಗಿಸಿದ ಶೂ. ಹೊಸ ಶೂ ಖಂಡಿತ ಬೇಡ. ಜೀನ್ಸ್ ಬೇಡ, ಒದ್ದೆಯಾದರೆ ದಿನವಿಡೀ ಒಣಗುವುದಿಲ್ಲ. ಉದ್ದ ತೋಳಿನ ಅಂಗಿ, ಮಳೆಗಾಲವಾದರೆ ರೇನ್‌ಕೋಟು (ನೆತ್ತಿಯ ಗಾಳಿಗೆ ಕೊಡೆ ನಿಲ್ಲುವುದಿಲ್ಲ), ಬಿಸಿಲಿಗೆ ಟೋಪಿ, ತಲೆಗೆ ಕಟ್ಟುವ ಟಾರ್ಚು, ಒಂದು ಪೀಪಿ, ಗಾಯದ ಪಟ್ಟಿ, ದಿನವೂ ತೆಗೆದುಕೊಳ್ಳುವ ಔಷಧಿ. ಒಂದು ಬಿದಿರಿನ ಕೋಲು ಸಿಕ್ಕರೆ ಇಳಿಯುವಾಗ ಮೊಣಕಾಲಿನ ಭಾರವನ್ನು ಅದೂ ಒಂದಿಷ್ಟು ಹೊರುತ್ತದೆ. ಸ್ಪೀಕರ್, ಡ್ರೋನ್, ಮದ್ಯ ಯಾವುದೂ ಬೇಡ.

ದಾರಿಯಲ್ಲಿ ಶೌಚಾಲಯವಿರುವುದಿಲ್ಲ. ಅನಿವಾರ್ಯವಾದರೆ ತೊರೆಯಿಂದ ದೂರ ಹೋಗಿ, ಗುಂಡಿ ತೋಡಿ ಮುಚ್ಚಬೇಕು. ಟಿಶ್ಯೂ, ಸ್ಯಾನಿಟರಿ ಪ್ಯಾಡ್‌ಗಳನ್ನು ಹೂಳದೆ ಕಾಗದದ ಚೀಲದಲ್ಲಿ ಸುತ್ತಿ ವಾಪಸ್ ತರಬೇಕು. ಇದಕ್ಕೆಂದೇ ಬೇರೆ ಚೀಲ ಇಟ್ಟುಕೊಂಡಿದ್ದರೆ ಹೆಣ್ಣುಮಕ್ಕಳಿಗೆ ಅನುಕೂಲ.

ಹತ್ತುವ ದಿನ

ಡಿಸೆಂಬರ್‌ನಲ್ಲಿ ಸಂಜೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಮರಗಳ ಕೆಳಗೆ ಅದಕ್ಕೂ ಅರ್ಧ ಗಂಟೆ ಮೊದಲೇ ಕತ್ತಲು. ಹಾಗಾಗಿ ಐದಕ್ಕೆ ಮುಳ್ಳೋಡಿಯಲ್ಲಿರಬೇಕು. ಇಳಿಯಲು ನಾಲ್ಕು ಗಂಟೆ ಇಟ್ಟುಕೊಂಡರೆ ಒಂದಕ್ಕೆ ತುದಿ ಬಿಡಬೇಕು. ಅಲ್ಲಿ ಊಟಕ್ಕೆ ಅರ್ಧ ಗಂಟೆ. ಹತ್ತಲು ವಿಶ್ರಾಂತಿ ಸೇರಿ ಐದು ಗಂಟೆ. ಅಲ್ಲಿಗೆ ಬೆಳಿಗ್ಗೆ ಏಳೂವರೆಯೊಳಗೆ ನಡಿಗೆ ಶುರುವಾಗಬೇಕು, ಏಳಕ್ಕೇ ಶುರುವಾದರೆ ಇನ್ನೂ ಒಳ್ಳೆಯದು. ಇಲಾಖೆಯ ಗಡುವು ಇದಕ್ಕಿಂತ ಬೇಗ ಇದ್ದರೆ ಅದಕ್ಕೆ ತಕ್ಕಂತೆ ಇಡೀ ಲೆಕ್ಕವನ್ನು ಹಿಂದಕ್ಕೆ ಸರಿಸಿ. ಇದರಿಂದ ಹುಟ್ಟುವ ನಿಯಮ ಸರಳ: ಹನ್ನೆರಡೂವರೆಗೆ ನೀವು ಎಲ್ಲಿದ್ದೀರೋ ಅಲ್ಲೇ ಡಬ್ಬಿ ಬಿಚ್ಚಿ, ಉಂಡು, ತಿರುಗಿ. ತುದಿ ಕಣ್ಣೆದುರೇ ಇದ್ದರೂ ಸರಿ. ಇದನ್ನು ತಂಡದವರೆಲ್ಲ ಹೊರಡುವ ಮೊದಲೇ ಒಪ್ಪಿಕೊಂಡಿರಬೇಕು, ಮೇಲೆ ಹೋದ ಮೇಲೆ ಯಾರೂ ಒಪ್ಪುವುದಿಲ್ಲ.

ಮೊದಲ ಒಂದು ಗಂಟೆ ಮಾತಾಡುತ್ತ ನಡೆಯಲು ಆಗುವಷ್ಟು ನಿಧಾನವಾಗಿರಲಿ. ಹಾದಿ ತೊರೆಗಳನ್ನು ದಾಟುತ್ತ, ಕಾಡೊಳಗೆ ಹೊಕ್ಕು ಹುಲ್ಲುಗಾವಲಿಗೆ ಹೊರಬರುತ್ತ ಸಾಗುತ್ತದೆ. ಒಂಟಿಮರ ಎಂದು ಎಲ್ಲರೂ ಕರೆಯುವ ಜಾಗ ಬಂದಾಗ ಎದುರಿಗೆ ಬೆಟ್ಟದ ಸಾಲು ಬಿಚ್ಚಿಕೊಳ್ಳುತ್ತದೆ. ದಣಿವಾರಿಸಿಕೊಳ್ಳಲು ಒಳ್ಳೆಯ ಜಾಗ. ಲೋಬೋ ಮನೆ ಎಂದು ಕರೆಯುವ ಹಳೆಯ ಮನೆಯ ಅವಶೇಷ, ತುದಿಗೆ ಹತ್ತಿರ ಪಾಳುಬಿದ್ದ ಚರ್ಚಿನ ಕಲ್ಲುಗೋಡೆ, ಇವು ಹಿಂದೆ ಈ ಎತ್ತರದಲ್ಲೂ ಜನ ಬಾಳಿದ್ದಕ್ಕೆ ಗುರುತು. ಉದ್ಯಾನದ ಒಳಗೂ ಅಂಚಿನಲ್ಲೂ ಮಲೆಕುಡಿಯ ಬುಡಕಟ್ಟಿನವರು ತಲೆಮಾರುಗಳಿಂದ ಇದ್ದಾರೆ. ಅವರ ಮನೆಯಂಗಳ, ತೋಟ, ದೈವದ ಜಾಗಗಳಲ್ಲಿ ಕೇಳದೆ ಫೋಟೋ ತೆಗೆಯಬೇಡಿ.

ಈ ನಡಿಗೆಯಲ್ಲಿ ನಾನು ಎಲ್ಲರಿಗೂ ಒತ್ತಿ ಹೇಳುವುದು ಶೋಲಾವನ್ನು ನೋಡಿ ಎಂದು. ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಮಡಿಕೆಗಳಲ್ಲಿ ಮಾತ್ರ ದಟ್ಟ ಕಾಡು. ಗಾಳಿ ಬಡಿಯುವ ಬೆನ್ನಿನ ಮೇಲೆ ಮರ ನಿಲ್ಲುವುದಿಲ್ಲ, ತಗ್ಗಿನಲ್ಲಿ ತೇವ, ಮಣ್ಣು ಎರಡೂ ಸಿಗುವುದರಿಂದ ಅಲ್ಲಿ ಸೇರಿಕೊಳ್ಳುತ್ತದೆ. ಮರಗಳು ಕುಳ್ಳಗೆ, ಕೊಂಬೆಗಳು ತಿರುಚಿಕೊಂಡು, ಮೈತುಂಬ ಪಾಚಿ. ಬೋಳುಗುಡ್ಡ ಎಂದು ನಾವು ಕರೆಯುವ ಹುಲ್ಲುಗಾವಲು ಬರಡು ನೆಲವಲ್ಲ, ಬೇರಿನ ಜಾಲದಿಂದ ಮಣ್ಣನ್ನು ಹಿಡಿದು ಮಳೆಯನ್ನು ಇಂಗಿಸುವುದು ಅದೇ. ಶೋಲಾದ ನೆಲದಲ್ಲಿ ಕೊಳೆತ ಎಲೆಯ ಪದರ ಸ್ಪಂಜಿನಂತೆ ನೀರು ಹೀರಿ, ಮಳೆ ನಿಂತು ತಿಂಗಳಾದ ಮೇಲೂ ಹನಿಹನಿಯಾಗಿ ಬಿಡುತ್ತದೆ. ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ಮೊದಲಿಬ್ಬರು ಮೂಡಣಕ್ಕೆ ಹರಿದು ಕೂಡಲಿಯಲ್ಲಿ ಒಂದಾಗುತ್ತಾರೆ, ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ದಾವಣಗೆರೆಯ ಗದ್ದೆಯ ನೀರಿಗೂ ಮಂಗಳೂರಿನ ನಲ್ಲಿಯ ನೀರಿಗೂ ಈ ಹುಲ್ಲಿನ ಋಣವಿದೆ. ಆದ್ದರಿಂದ ಒಬ್ಬರ ಹಿಂದೆ ಒಬ್ಬರು ಇರುವ ಹಾದಿಯಲ್ಲೇ ನಡೆಯಿರಿ. ಅಡ್ಡದಾರಿ ತುಳಿದಲ್ಲಿ ಹುಲ್ಲು ಸಾಯುತ್ತದೆ, ಮುಂದಿನ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ.

ಶೋಲಾದೊಳಗೆ ಐದು ನಿಮಿಷ ಸದ್ದಿಲ್ಲದೆ ಕುಳಿತುಕೊಳ್ಳಿ. ಮನುಷ್ಯರೇ ಸಿಳ್ಳೆ ಹಾಕಿದಂತೆ ಕೇಳಿದರೆ ಅದು ಸರಳೆ ಸಿಳ್ಳಾರ ಹಕ್ಕಿ. ಕೆಳಗಿನ ಎತ್ತರದ ಮರಗಳ ಕಾಡಿನಲ್ಲಿ ಕೆಂದಳಿಲು, ಮಂಗಟ್ಟೆ ಕಾಣುವುದುಂಟು. ಸಿಂಹದಂಥ ಬಾಲದ ಸಿಂಗಳೀಕ ಮಂಗ ಸುಲಭಕ್ಕೆ ಕಾಣುವುದಿಲ್ಲ. ಆದರೆ ಈ ಉದ್ಯಾನ ರೂಪುಗೊಳ್ಳಲು ಅದೇ ಮುಖ್ಯ ಕಾರಣ. 1980ರ ದಶಕದಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಸಿಂಗಳೀಕಗಳ ಸಮೀಕ್ಷೆ ನಡೆಸಿ ಈ ಕಾಡನ್ನು ಉಳಿಸಬೇಕೆಂದು ಹೇಳಿದ್ದರು.

ಕಾಟಿ ಎದುರಾದರೆ ನಿಂತುಬಿಡಿ. ಕೂಗಬಾರದು, ಹತ್ತಿರ ಹೋಗಿ ಫೋಟೋಕ್ಕೆ ನಿಲ್ಲಬಾರದು. ಅದು ದಾರಿ ಬಿಡುವವರೆಗೆ ದೂರದಲ್ಲೇ ಕಾಯಬೇಕು. ಮಳೆಗಾಲದಲ್ಲಿ ಗಿಡದ ಕೊಂಬೆ ಹಿಡಿಯುವ ಮುನ್ನ ಕಣ್ಣಾಡಿಸಿ, ಮಲಬಾರ್ ಗುಳಿಮಂಡಲ ಹಾವು ಎಲೆಯ ಬಣ್ಣಕ್ಕೇ ಹೊಂದಿಕೊಂಡು ಅಲ್ಲಾಡದೆ ಕುಳಿತಿರುತ್ತದೆ.

ತುದಿಯಲ್ಲಿ ಪಶ್ಚಿಮದ ಅಂಚು ನೇರ ಪ್ರಪಾತ. ತಿಳಿಯಾದ ದಿನ ಕರಾವಳಿಯ ಬಯಲು, ಅದರಾಚೆ ಅರಬ್ಬೀ ಸಮುದ್ರದ ಗೆರೆ ಕಾಣುತ್ತದೆ. ಮಂಜಿನ ದಿನ ಅಂಚು ಎಲ್ಲಿದೆ ಎಂದೇ ತಿಳಿಯುವುದಿಲ್ಲ, ಹಾಗಾಗಿ ಮಾರ್ಗದರ್ಶಿ ತೋರಿಸಿದ ಜಾಗದಿಂದ ಒಂದು ಹೆಜ್ಜೆಯೂ ಮುಂದೆ ಹೋಗಬೇಡಿ. ಮಂಜಿನಲ್ಲಿ ಯಾರಾದರೂ ತಪ್ಪಿಸಿಕೊಂಡರೆ ಹುಡುಕಲು ಒಬ್ಬೊಬ್ಬರೇ ಓಡುವುದು ಕೂಡದು. ಎಲ್ಲರೂ ಇದ್ದಲ್ಲೇ ನಿಂತು ಪೀಪಿ ಊದಿ.

ಉಂಬಳ ಮತ್ತು ಉಣ್ಣೆ

ಮಳೆಗಾಲದಿಂದ ನವೆಂಬರ್‌ವರೆಗೂ ಉಂಬಳ (ಕಾಡಿನ ಜಿಗಣೆ) ಇದ್ದೇ ಇರುತ್ತದೆ. ಹೆದರುವ ಕಾರಣವಿಲ್ಲ. ಉಂಬಳದ ಕಾಲುಚೀಲ ಸಿಗುತ್ತವೆ, ಮಲೆನಾಡಿನವರು ಸುಣ್ಣ, ಹೊಗೆಸೊಪ್ಪು ಸವರಿಕೊಳ್ಳುತ್ತಾರೆ. ಕಚ್ಚಿದ್ದನ್ನು ಎಳೆದು ಕೀಳಬೇಡಿ, ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿದರೆ ಬಿಡುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಅದರ ಜೊಲ್ಲಿನಲ್ಲಿರುವುದರಿಂದ ಸ್ವಲ್ಪ ಹೊತ್ತು ರಕ್ತ ಸೋರುತ್ತದೆ. ತೊಳೆದು ಬಟ್ಟೆಯಿಂದ ಒತ್ತಿಹಿಡಿಯಿರಿ.

ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಒಣಕಾಲದ ಉಣ್ಣೆಯನ್ನು, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣುಗನ್ನು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ, ಅಂದರೆ ಚಾರಣಕ್ಕೆ ಹಿತವಾದ ತಿಂಗಳುಗಳೂ ಅದರಲ್ಲಿ ಸೇರಿವೆ. ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ. ಮಲೆನಾಡಿನ ಆರೋಗ್ಯ ಕೇಂದ್ರಗಳಲ್ಲಿ ಹಂಚುವ, ಉಣ್ಣೆಯನ್ನು ದೂರವಿಡುವ ಡೀಪಾ ಎಣ್ಣೆ ಸಿಕ್ಕರೆ ಹಚ್ಚಿಕೊಳ್ಳಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಮಾರ್ಗದರ್ಶಿಗೆ ತಿಳಿಸಿ.

ಇಳಿದ ಮೇಲೆ

ಇಳಿಯುವಾಗ ಓಡಬೇಡಿ, ಕಾಲು ಉಳುಕುವುದು ಹೆಚ್ಚಾಗಿ ಕೊನೆಯ ಎರಡು ಕಿಲೋಮೀಟರಿನಲ್ಲಿ, ಮನಸ್ಸು ಆಗಲೇ ಸ್ನಾನದ ಬಿಸಿನೀರಿನಲ್ಲಿ ಇರುವಾಗ. ತಂಡದ ನಿಧಾನಗತಿಯವರು ಮುಂದಿರಲಿ, ಗಟ್ಟಿಗರು ಹಿಂದೆ ಬರಲಿ. ಹೋಂಸ್ಟೇ ಮುಟ್ಟಿದ ಕೂಡಲೇ ಬಟ್ಟೆಯನ್ನು ಕೊಡವಿ ಬೇರೆ ಇಡಿ, ಸೋಪು ಹಚ್ಚಿ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳಲ್ಲಿ ಉಣ್ಣೆ ಇದೆಯೇ ನೋಡಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಿರಿ, ಬೆರಳಲ್ಲಿ ಹೊಸಕಬೇಡಿ. ಊರಿಗೆ ಮರಳಿದ ಹದಿನೈದು ದಿನದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು ಕಾಣಿಸಿಕೊಂಡರೆ ವೈದ್ಯರ ಬಳಿ ಹೋಗಿ, “ಮಲೆನಾಡಿನ ಕಾಡಿಗೆ ಹೋಗಿದ್ದೆ” ಎಂದು ಮೊದಲ ಮಾತಿನಲ್ಲೇ ಹೇಳಿ. ಬೆಂಗಳೂರಿನ ಡಾಕ್ಟರಿಗೆ ಮಂಗನ ಕಾಯಿಲೆಯ ಪರೀಕ್ಷೆ ತಾನಾಗಿ ಹೊಳೆಯದಿರಬಹುದು, ನೀವು ಹೇಳಿದರೆ ಹೊಳೆಯುತ್ತದೆ.